‘ಇಲ್ಲ’ ಅಂದವರ ಸಾಲು

ಮಾರ್ಚ್ 3, ಸೋಮವಾರ

ಒಪ್ಪಿಕೊಂಡುಬಿಟ್ಟೆ. ಯಾಕೆ ಒಪ್ಪಿಕೊಂಡೆನೋ ದೇವರಿಗೇ ಗೊತ್ತು. ಬೆಳಿಗ್ಗೆಯಿಂದ ಸೂಜಿಗೆ ದಾರ ಹೋಗುತ್ತಿಲ್ಲ.

ಆದದ್ದು ಇಷ್ಟು. ನಮ್ಮ ಹೊಲಿಗೆ ಅಂಗಡಿಗೆ ಕೋಟಿನ ತೋಳು ಗಿಡ್ಡ ಮಾಡಿಸಲು ಬರುವ ಡಾಕ್ಟರ್ ಮೇಡಂ ಶನಿವಾರ ಕೋಟಿನ ಮಾತು ಬಿಟ್ಟು ಬೇರೆ ಮಾತು ತೆಗೆದರು. ಹೆರಿಗೆಯಲ್ಲಿ ಹೆಂಗಸರಿಗೆ ಆಗುವ ಗಾಯ, ಅದರಿಂದ ಮೈಯಲ್ಲಿ ಉಳಿದುಬಿಡುವ ತೊಂದರೆ, ಇವು ಎಷ್ಟು ಜನಕ್ಕೆ ಇವೆ ಅಂತ ಬೇಕಾದಷ್ಟು ಸಂಶೋಧನೆ ನಡೆದಿದೆಯಂತೆ. ಒಂದು ವರದಿ ನೂರಕ್ಕೆ ಇಬ್ಬರು ಅನ್ನುತ್ತದೆ, ಇನ್ನೊಂದು ಮೂವತ್ತು ಅನ್ನುತ್ತದೆ. ಯಾವ ಲೆಕ್ಕ ನಂಬಬೇಕು, ಯಾವುದನ್ನು ಬದಿಗಿಡಬೇಕು ಎಂದು ಜರಡಿ ಹಿಡಿಯುವ ಗುಂಪು ಮೇಡಂ ಅವರದು. ಅದರಲ್ಲಿ ಡಾಕ್ಟರಲ್ಲದ, ಮಗು ಹೆತ್ತ ಒಬ್ಬ ಸಾಮಾನ್ಯ ಹೆಂಗಸು ಕೂರಬೇಕಂತೆ.

ನಾನು ತಲೆ ಎತ್ತದೆ ಮೆಷಿನ್ ತುಳಿಯುತ್ತಿದ್ದೆ. ಅಂಗಡಿಯ ಒಡತಿ ಅಕ್ಕ ಬಾಯಿ ಹಾಕಿದಳು. "ಇವಳನ್ನ ಕರ್ಕೊಂಡು ಹೋಗಿ ಮೇಡಂ. ಒಂದು ಗುಂಡಿ ಹಾಕೋಕೆ ನಾಲ್ಕು ಸಲ ಅಳತೆ ನೋಡ್ತಾಳೆ. ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದಾಳೆ."

"ನಾನು ಓದಿದವಳಲ್ಲ" ಅಂದೆ. ಸುಳ್ಳೇನಲ್ಲ. ಅಪ್ಪ ಹೋದ ಮೇಲೆ ಏಳನೇ ಕ್ಲಾಸಿಗೆ ಬಿಟ್ಟೆ. ಮಗಳು ದೊಡ್ಡವಳಾದ ಮೇಲೆ ಸಂಜೆ ಶಾಲೆಗೆ ಹೋಗಿ ಹತ್ತನೇದು ಎರಡನೇ ಸಲಕ್ಕೆ ಪಾಸಾದೆ. ಈ ಡೈರಿ ಕೂಡ ಆ ಶಾಲೆಯ ಟೀಚರ್ ಹಚ್ಚಿದ ಚಟ, ಬರೆಯದಿದ್ದರೆ ಅಕ್ಷರ ಕೈಬಿಡುತ್ತವೆ ಅಂತ.

ಮೇಡಂ, "ಓದಿದವರು ನಮ್ಮಲ್ಲಿ ಸಾಕಷ್ಟಿದಾರೆ" ಅಂದರು. ಬೈದರೋ ಹೊಗಳಿದರೋ ತಿಳಿಯಲಿಲ್ಲ.

ಮನೆಯವರಿಗೆ ಹೇಳಿದರೆ, "ಚಿಂತಾಮಣಿಗೆ ಹೊಸ ಚಿಂತೆ ಸಿಕ್ಕಿತು. ಹಳೇದಕ್ಕೆಲ್ಲ ಇನ್ನು ರಜಾ" ಅಂತ ನಕ್ಕರು. ಮದುವೆಯಾದ ವರ್ಷದಿಂದ ನಾನು ಅವರಿಗೆ ಚಿಂತಾಮಣಿಯೇ. ಬೀಗ ರಿಪೇರಿ ಮಾಡುವವರು, ಬಾಯಿಗೆ ಮಾತ್ರ ಬೀಗವಿಲ್ಲ.

ಗುಂಪು ಸೇರುವ ಕೊಠಡಿ ಮೂರನೇ ಮಹಡಿಯಲ್ಲಂತೆ. ಶೌಚಾಲಯ ಯಾವ ಮಹಡಿಯಲ್ಲಿದೆ ಅಂತ ಕೇಳಬೇಕಿತ್ತು.

ಮಾರ್ಚ್ 5, ಬುಧವಾರ

ಹೋಗಿ ಬಂದೆ. ಬದುಕಿದ್ದೇನೆ.

ಗ್ರಂಥಾಲಯದ ಕಡೆಯಿಂದ ಸುತ್ತಿಕೊಂಡು ನಡೆದೆ. ದೂರವಾಗುತ್ತೆ, ಆದರೆ ಅಲ್ಲಿ ಒಳಗೆ ಬಿಡುತ್ತಾರೆ, ಚೊಕ್ಕಟವಾಗಿರುತ್ತೆ. ಪೆಟ್ರೋಲ್ ಬಂಕಿನಲ್ಲಿ ಕೀಲಿ ಕೇಳಬೇಕು. ಸೇತುವೆ ದಾಟಿದ ಮೇಲೆ ಏನೂ ಇಲ್ಲ, ಅಲ್ಲಿ ಬೇಗ ಬೇಗ ಹೆಜ್ಜೆ ಹಾಕಬೇಕು. ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ, ಹಾಗಾಗಿ ಏನೂ ಆಗಲಿಲ್ಲ. ಚೀಲದಲ್ಲಿ ಒಂದು ಜೊತೆ ಬಟ್ಟೆ ಇತ್ತು. ಅದು ಯಾವಾಗಲೂ ಇರುತ್ತೆ.

ಉದ್ದನೆಯ ಮೇಜು, ಮುಚ್ಚದ ಒಂದು ಕಿಟಕಿ, ಅದಕ್ಕೆ ಮಡಿಚಿದ ಕಾಗದದ ಬೆಣೆ. ಮಧ್ಯೆ ನೀರಿನ ಜಗ್ಗು. ನಾನು ಮುಟ್ಟಲಿಲ್ಲ. ಬಾಗಿಲ ಪಕ್ಕದ ಕುರ್ಚಿ ಹಿಡಿದೆ.

ನನ್ನ ಜೊತೆಗಾರ್ತಿಯನ್ನು ಎಲ್ಲರೂ ದೊಡ್ಡ ಸಿಸ್ಟರ್ ಅನ್ನುತ್ತಾರೆ. ಹೆರಿಗೆ ವಾರ್ಡಿನಿಂದ ನಿವೃತ್ತಿಯಾದ ನರ್ಸು. ದನಿ ಬೀದಿಗೆ ಕೇಳುತ್ತದೆ. "ಜೀವಮಾನವಿಡೀ ‘ತಳ್ಳಮ್ಮಾ ತಳ್ಳು’ ಅಂತ ಕೂಗಿ ಕೂಗಿ ಗಂಟಲು ಹೀಗಾಯ್ತು. ಈಗ ಬ್ಯಾಂಕಿನ ಬಾಗಿಲ ಮೇಲೆ ‘ತಳ್ಳಿ’ ಅಂತ ಬರೆದಿದ್ರೂ, ತಾಳ್ರೀ, ಮೊದಲು ಉಸಿರು ತಗೊಳ್ಳಿ ಅನ್ನೋಣ ಅನ್ಸುತ್ತೆ" ಅಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ತುಟಿ ಕಚ್ಚಿ, ಮಂಡಿ ಒತ್ತಿಕೊಂಡು ಕೂತೆ. ನಾನು ಹಾಗೆಲ್ಲ ಬಾಯಿಬಿಟ್ಟು ನಗುವವಳಲ್ಲ.

ಕೆಲಸದ ರೀತಿ ಹೀಗೆ. ಒಂದೊಂದು ವರದಿಯನ್ನೂ ಇಬ್ಬರು ಓದಬೇಕು, ಬೇರೆ ಬೇರೆ ಕೊಠಡಿಯಲ್ಲಿ ಕೂತು. ನಮ್ಮಂಥವರಿಗೆಂದು ಸರಳ ಮಾತಿಗೆ ಇಳಿಸಿ ಬರೆದ ಪ್ರತಿ ಕೊಡುತ್ತಾರೆ. ಯಾರನ್ನು ಕೇಳಿದರು, ಹೇಗೆ ಕೇಳಿದರು, ಬರೀ ಕೇಳಿದರೋ ಪರೀಕ್ಷೆ ಮಾಡಿ ನೋಡಿದರೋ, ಎಷ್ಟು ಜನ ಉತ್ತರಿಸದೆ ಹೋದರು ಎಂದು ನೋಡಿ, ಒಂದೊಂದಕ್ಕೂ ‘ಅಪಾಯ ಕಡಿಮೆ’, ‘ಅಪಾಯ ಹೆಚ್ಚು’, ‘ಹೇಳಲಾಗದು’ ಎಂದು ಗುರುತು ಹಾಕಬೇಕು. ಆಮೇಲೆ ಇಬ್ಬರೂ ಎದುರುಬದುರು ಕೂತು ಹೊಂದಿಸಿ ನೋಡಬೇಕು. ಹೊಂದದಿದ್ದರೆ ಮಾತಾಡಬೇಕು. ಆಗಲೂ ಹೊಂದದಿದ್ದರೆ ಮೇಡಂ ತೀರ್ಮಾನ.

"ಒಬ್ಬರ ಕಣ್ಣು ತಪ್ಪುತ್ತೆ" ಅಂದರು ಮೇಡಂ. "ಇಬ್ಬರ ಕಣ್ಣೂ ಒಂದೇ ಜಾಗದಲ್ಲಿ ತಪ್ಪೋದು ಅಪರೂಪ."

ನನ್ನ ಎರಡೂ ಕಣ್ಣು ಒಟ್ಟಿಗೇ ತಪ್ಪುತ್ತವೆ, ಅದು ಅವರಿಗೆ ಗೊತ್ತಿಲ್ಲ.

ಮಾರ್ಚ್ 6, ಗುರುವಾರ

ಮಗಳ ಫೋನು. ಹೆರಿಗೆಗೆ ಏಪ್ರಿಲ್ ಕೊನೆಯ ದಿನ ಕೊಟ್ಟಿದ್ದಾರೆ. "ಅಮ್ಮಾ, ಆ ಹೊತ್ತಿಗೆ ನೀನು ಇಲ್ಲಿರ್ತೀಯ ಅಲ್ವಾ?"

ಬಸ್ಸಿನಲ್ಲಿ ಏಳು ತಾಸಿನ ದಾರಿ. ನಡುವೆ ಒಂದೇ ಕಡೆ ನಿಲ್ಲುತ್ತದೆ.

ಶಾಲೆ ಸಮವಸ್ತ್ರದ ಕೆಲಸ ರಾಶಿ ಬಿದ್ದಿದೆ ಅಂದೆ. ಹೋದ ಸಲ ಮಂಡಿ ನೋವು ಅಂದಿದ್ದೆ, ಅದರ ಹಿಂದಿನ ಸಲ ಅವಳ ಅಪ್ಪನಿಗೆ ಜ್ವರ ಅಂತ. ಅಳಿಯನಿಗೆ ತಾಯಿಯಿಲ್ಲ, ಅವಳ ಪಾಲಿಗೆ ಇರುವುದು ನಾನೊಬ್ಬಳು. "ನಿನಗೆ ಬರೋಕೆ ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳು" ಅಂದಳು.

ಇಷ್ಟವಿಲ್ಲದೆ ಏನು.

ಬಟ್ಟೆ ಒಗೆದು ಒಳಗೆ, ಕಪಾಟಿನ ಹಿಂದಿನ ಹಗ್ಗಕ್ಕೆ ಹಾಕಿದೆ. ಆ ಬಟ್ಟೆಗಳು ಅಲ್ಲೇ ಒಣಗುತ್ತವೆ.

ಮಾರ್ಚ್ 12, ಬುಧವಾರ

ಮಾನ ಹೋಯಿತು.

ಎರಡು ವರದಿ ಓದಿದ್ದೆ. ವಾರವಿಡೀ ಬೆರಳಿಟ್ಟು ಸಾಲು ಸಾಲಾಗಿ ಓದಿದ್ದೆ. ಮೊದಲನೆಯದರಲ್ಲಿ ತೊಂದರೆ ಇರುವ ಹೆಂಗಸರು ತೀರಾ ಕಡಿಮೆ. ನೆಮ್ಮದಿಯಾಯಿತು. ‘ಅಪಾಯ ಕಡಿಮೆ’ ಅಂತ ಉದ್ದಕ್ಕೂ ಗುರುತು ಹಾಕಿದೆ. ಎರಡನೆಯದರಲ್ಲಿ ಪಾಪ ತುಂಬಾ ಜನ. ಅದಕ್ಕೆಲ್ಲ ‘ಅಪಾಯ ಹೆಚ್ಚು’.

ಎದುರುಬದುರು ಕೂತರೆ ದೊಡ್ಡ ಸಿಸ್ಟರದು ಪೂರ್ತಿ ಉಲ್ಟಾ. ಒಂದೂ ಕೂಡುವುದಿಲ್ಲ. ಅವರು ನನ್ನ ಹಾಳೆ ಎತ್ತಿ ನೋಡಿದರು, ನನ್ನನ್ನು ನೋಡಿದರು, ಮತ್ತೆ ಹಾಳೆ ನೋಡಿದರು.

"ಅಲ್ಲಾ ತಾಯಿ, ನೀವು ಯಾರಿಗೆ ಅಪಾಯ ಅಂತ ಗುರುತು ಹಾಕಿದೀರಿ?"

"ಹೆಂಗಸರಿಗೆ."

ಅವರ ನಗು ಕೇಳಿ ಪಕ್ಕದ ಕೊಠಡಿಯವರು ಇಣುಕಿದರು. ನಾನು ಅಲ್ಲೇ ಭೂಮಿಗಿಳಿದು ಹೋಗಬೇಕಿತ್ತು. ಮೇಡಂ ಮಾತ್ರ ನಗಲಿಲ್ಲ, ಕುರ್ಚಿ ಎಳೆದು ಕೂತರು. "ತಪ್ಪು ನಮ್ಮದು, ಬಿಡಿಸಿ ಹೇಳಬೇಕಿತ್ತು. ಇಲ್ಲಿ ಅಪಾಯ ಅಂದ್ರೆ ಲೆಕ್ಕಕ್ಕೆ ಬರೋ ಅಪಾಯ. ಈ ಲೆಕ್ಕ ದಾರಿ ತಪ್ಪಿರೋ ಸಾಧ್ಯತೆ ಎಷ್ಟು ಅಂತ."

"ಹಾಗಾದ್ರೆ ಕಡಿಮೆ ಜನ ಅಂದಿರೋ ವರದಿ..."

"ಅವರು ಮನೆಗೆ ಕಾಗದ ಕಳಿಸಿ ಕೇಳಿದಾರೆ. ಅರ್ಧಕ್ಕರ್ಧ ಜನ ಉತ್ತರಾನೇ ಕಳಿಸಿಲ್ಲ. ಯಾರೂ ಪರೀಕ್ಷೆ ಮಾಡಿ ನೋಡಿಲ್ಲ."

"ಜಾಸ್ತಿ ಅಂದಿರೋದು?"

"ಅವರು ಪ್ರತಿಯೊಬ್ಬರನ್ನೂ ಪರೀಕ್ಷೆ ಮಾಡಿದಾರೆ. ಅದೂ ಇಬ್ಬಿಬ್ಬರು, ಬೇರೆ ಬೇರೆಯಾಗಿ."

ಅಂದರೆ ಹೆದರಿಸುವ ವರದಿಯೇ ಒಳ್ಳೆಯದು, ಸಮಾಧಾನ ಹೇಳುವುದೇ ಕಚ್ಚಾ. ಇದೆಂಥ ಉಲ್ಟಾ ಲೋಕವೋ. ಬಿಟ್ಟುಬಿಡೋಣ ಅಂತ ಮೆಟ್ಟಿಲಿಳಿದೆ. ಸಿಸ್ಟರು ಹಿಂದಿನಿಂದ ಬಂದು ಕೈ ಹಿಡಿದರು. "ಬರೋ ಬುಧವಾರ ಬರದೇ ಇದ್ರೆ ಅಂಗಡಿಗೇ ಬಂದು ಕೂಗ್ತೀನಿ. ನನ್ನ ದನಿ ಗೊತ್ತಲ್ಲ?"

ಮಾರ್ಚ್ 14, ಶುಕ್ರವಾರ

ಆ ಎರಡನೇ ವರದಿ ಮತ್ತೆ ಓದಿದೆ. ಅಷ್ಟು ಜನ. ಒಂದು ಬಸ್ಸು ತುಂಬಾ ಹೆಂಗಸರಿದ್ದರೆ ಅದರಲ್ಲಿ ಎಷ್ಟು ಜನ ಆಗುತ್ತಾರೆ ಅಂತ ಸೀಟು ಸೀಟಾಗಿ ಯೋಚಿಸಿದೆ. ಹೆದರಿಕೆಯಾಗಬೇಕಿತ್ತು. ಅಷ್ಟೊಂದು ಆಗಲಿಲ್ಲ. ಯಾಕೋ ಗೊತ್ತಿಲ್ಲ.

ಮಾರ್ಚ್ 19, ಬುಧವಾರ

ಹೊಂದಿತು! ಒಂದು ಬಿಟ್ಟು ಉಳಿದದ್ದೆಲ್ಲ ಸಿಸ್ಟರ್ ಗುರುತಿಗೆ ಹೊಂದಿತು. ಆ ಒಂದರಲ್ಲೂ ಅವರೇ ತಮ್ಮದನ್ನು ತಿದ್ದಿಕೊಂಡರು, ಪುಟ ತಿರುಗಿಸುವಾಗ ಎರಡು ಅಂಟಿಕೊಂಡಿದ್ದವಂತೆ. "ಬಾಣಂತಿಯರ ಕೈಲಿ ಬೈಸ್ಕೊಂಡಿದೀನಿ, ಇವತ್ತು ಟೈಲರ್ ಕೈಲಿ" ಅಂದರು. ನಾನೆಲ್ಲಿ ಬೈದೆ? ಪುಟ ತೋರಿಸಿದೆ, ಅಷ್ಟೇ. ಬೇಜಾರಾಗಿರಬಹುದೇ? ಮನೆಗೆ ಬಂದ ಮೇಲೂ ಅದೇ ಕೊರೆಯುತ್ತಿತ್ತು.

ಜಗ್ಗಿನಿಂದ ಅರ್ಧ ಲೋಟ ನೀರು ಕುಡಿದೆ. ಬಾಯಿ ತುಂಬಾ ಒಣಗಿತ್ತು.

ಮಾರ್ಚ್ 26, ಬುಧವಾರ

ಇವತ್ತು ಜಗಳ.

ಹೊಸ ವರದಿಯೊಂದು ಬಂದಿತ್ತು. ಬಹಳ ನೀಟಾದ ಕೆಲಸ. ಮನೆ ಮನೆಗೆ ಹೋಗಿ ಎದುರು ಕೂತು ಕೇಳಿದ್ದಾರೆ, ಉತ್ತರ ಕೊಡದವರು ಇಲ್ಲವೆಂಬಷ್ಟು ಕಡಿಮೆ. "ಹೆರಿಗೆಯ ನಂತರ ನಿಮಗೆ ಕೆಮ್ಮಿದಾಗ, ನಕ್ಕಾಗ, ಭಾರ ಎತ್ತಿದಾಗ ತೊಂದರೆ ಇದೆಯೇ?" ಎಂದು ಪ್ರಶ್ನೆ. ಇದೆ ಅಂದವರ ಸಾಲು ಗಿಡ್ಡ, ಇಲ್ಲ ಅಂದವರ ಸಾಲು ಉದ್ದ. ನಾನು ನೆಮ್ಮದಿಯಿಂದ ‘ಅಪಾಯ ಕಡಿಮೆ’ ಹಾಕಿದೆ, ಈ ಸಲ ಅರ್ಥ ತಿಳಿದೇ ಹಾಕಿದೆ.

ಸಿಸ್ಟರು ‘ಅಪಾಯ ಹೆಚ್ಚು’ ಹಾಕಿದ್ದರು. ಯಾಕೆ ಅಂದರೆ, ಕೋಷ್ಟಕದ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿದ್ದ ಟಿಪ್ಪಣಿ ತೋರಿಸಿದರು. "ಅಭ್ಯಾಸ ಆಗಿದೆ ಎಂದು ಉತ್ತರಿಸಿದವರನ್ನು ‘ಇಲ್ಲ’ ಎಂಬಲ್ಲಿ ಸೇರಿಸಲಾಗಿದೆ."

"ಸರಿಯಾಗೇ ಇದೆಯಲ್ಲ" ಅಂದೆ.

"ಎಲ್ಲಿ ಸರಿ? ಇಲ್ಲದೇ ಇರೋದು ಅಭ್ಯಾಸ ಹೇಗಾಗುತ್ತೆ? ಇದ್ರೆ ತಾನೇ ಅಭ್ಯಾಸ ಆಗೋದು?"

"ಅಭ್ಯಾಸ ಆದ ಮೇಲೆ ತೊಂದರೆ ಎಲ್ಲಿ ಬಂತು ಸಿಸ್ಟರ್? ಅವರವರ ದಾರಿ ಅವರವರು ನೋಡ್ಕೊಂಡಿರ್ತಾರೆ. ಎಲ್ಲಿ ಹೋಗಬೇಕು, ಎಲ್ಲಿ ಹೋಗಬಾರದು, ಎಷ್ಟು ನೀರು ಕುಡೀಬೇಕು, ಎಲ್ಲ ಗೊತ್ತಿರುತ್ತೆ. ಅದೇನು ರೋಗಾನಾ? ಅವರನ್ನ ಎಳ್ಕೊಂಡು ಹೋಗಿ ರೋಗಿಗಳ ಸಾಲಲ್ಲಿ ಯಾಕೆ ಕೂರಿಸ್ತೀರಿ?"

ನನ್ನ ದನಿ ಅವರ ದನಿಗಿಂತ ದೊಡ್ಡದಾಗಿತ್ತು. ಸಿಸ್ಟರು ಸಣ್ಣ ದನಿಯಲ್ಲಿ ಕೇಳಿದರು. "ಅವರಿಗೆ ಇದೆಲ್ಲ ಗೊತ್ತಿರುತ್ತೆ ಅಂತ ನಿಮಗೆ ಹೇಗೆ ಗೊತ್ತು?"

"ನನಗೂ ಅಭ್ಯಾಸ ಆಗಿದೆ" ಅಂದೆ.

ಕಿಟಕಿಯ ಬೆಣೆ ಬಿದ್ದು ಕಿಟಕಿ ಪಟಪಟ ಬಡಿಯಿತು. ಸಿಸ್ಟರು ಎದ್ದು ಹೋಗಿ ಬೆಣೆ ಸಿಕ್ಕಿಸಿದರು. ಬಹಳ ಹೊತ್ತು ಸಿಕ್ಕಿಸಿದರು. ಆಮೇಲೆ ಬೆನ್ನು ತಿರುಗಿಸಿಕೊಂಡೇ, "ಎಷ್ಟು ವರ್ಷದಿಂದ?" ಅಂದರು.

"ಮಗಳು ಹುಟ್ಟಿದಾಗಿನಿಂದ."

"ಮಗಳಿಗೆ ಈಗ ಎಷ್ಟು?"

"ಅವಳೀಗ ಬಸುರಿ."

ನಾನು ಚೀಲ ತಗೊಂಡು ಹೊರಟುಬಂದೆ. ಗುರುತು ಬದಲಾಯಿಸಲಿಲ್ಲ. ನನ್ನದು ‘ಅಪಾಯ ಕಡಿಮೆ’ಯೇ. ಮೇಡಂ ತೀರ್ಮಾನ ಮಾಡಲಿ.

ಮಾರ್ಚ್ 27, ಗುರುವಾರ

ಇನ್ನು ಹೋಗುವುದಿಲ್ಲ.

ಮಾರ್ಚ್ 30, ಭಾನುವಾರ

ಮನೆಯವರು ಅಂಗಳದಲ್ಲಿ ಹಳೇ ಬೀಗಗಳಿಗೆ ಎಣ್ಣೆ ಬಿಡುತ್ತಿದ್ದರು. ನಾನು ಕಾಜಾ ಹೊಲಿಯುತ್ತಾ ಕೂತಿದ್ದವಳು ತಲೆ ಎತ್ತದೆ ಕೇಳಿದೆ. "ನನಗೆ ಏನಾದ್ರೂ ತೊಂದರೆ ಇದೆಯಾ?"

"ಯಾವುದನ್ನ ಕೇಳ್ತಿದೀಯ? ಪಟ್ಟಿ ಉದ್ದ ಇದೆ."

"ತಮಾಷೆ ಸಾಕು."

ಅವರು ಬೀಗ ಕೆಳಗಿಟ್ಟರು. ಕೈ ಒರೆಸಿಕೊಂಡರು. "ಸಿನಿಮಾಕ್ಕೆ ಹೋದಾಗೆಲ್ಲ ನಮಗೆ ಬಾಗಿಲ ಪಕ್ಕದ ಸೀಟೇ ಯಾಕೆ ಅಂತ ನಾನು ಯಾವತ್ತಾದ್ರೂ ಕೇಳಿದೀನಾ?"

ಇಲ್ಲ, ಕೇಳಿಲ್ಲ. ನಾನೇ ಯಾವಾಗಲೂ ಮುಂದೆ ಹೋಗಿ ಅಲ್ಲಿ ಕೂರುತ್ತೇನೆ ಅಂದುಕೊಂಡಿದ್ದೆ.

"ಟಿಕೆಟ್ ತಗೊಳೋನು ನಾನು ಕಣೇ. ಕೌಂಟರಿನೋನಿಗೆ ನಾನೇ ಹೇಳ್ತಿದ್ದೆ. ಕಪಾಟಿನ ಹಿಂದೆ ಹಗ್ಗ ಕಟ್ಟಿದೀಯ, ಅದರ ಮೊಳೆ ಎರಡು ಸಲ ಕಿತ್ತು ಬಂದಿತ್ತು. ಯಾರು ಹೊಡೆದ್ರು ಅನ್ಕೊಂಡೆ?"

ಹೊಲಿಯುತ್ತಿದ್ದದ್ದನ್ನು ಬದಿಗಿಟ್ಟೆ. "ಗೊತ್ತಿದ್ದೂ ಯಾಕೆ ಕೇಳಲಿಲ್ಲ?" ಅಂದೆ.

"ನೀನು ಹಾಕಿರೋ ಬೀಗ. ನಾನು ಒಡೆಯೋದು ಸರೀನಾ?" ಅಂದರು. ಆಮೇಲೆ, "ಬೀಗದೋನ ಹೆಂಡತಿ ಅಂತ ಒಂದಿಷ್ಟು ಕೆಲಸ ಕಲ್ತಿದೀಯ" ಅಂತ ಸೇರಿಸಿದರು, ಕಣ್ಣು ಒರೆಸಿಕೊಂಡರು. ಎಣ್ಣೆ ಕೈ, ಕಣ್ಣು ಇನ್ನಷ್ಟು ಉರಿಯಿತು.

ಅಮ್ಮ ನೆನಪಾದಳು. ಮಗಳು ಹುಟ್ಟಿ ತಿಂಗಳಾದಾಗ ನಾನು ಅಳುತ್ತಾ ಹೇಳಿದ್ದೆ. ಅಮ್ಮ ನನ್ನ ತಲೆ ಸವರಿ, "ಅಭ್ಯಾಸ ಆಗುತ್ತೆ ಬಿಡು" ಅಂದಿದ್ದಳು. ಪ್ರೀತಿಯಿಂದಲೇ ಅಂದದ್ದು. ಅವಳಿಗೂ ಯಾರೋ ಹಾಗೇ ಅಂದಿರಬೇಕು.

ಏಪ್ರಿಲ್ 2, ಬುಧವಾರ

ಹೋದೆ.

ಮೇಡಂ ಎರಡೂ ಹಾಳೆ ಮುಂದಿಟ್ಟುಕೊಂಡಿದ್ದರು. ಸಿಸ್ಟರು ಏನೂ ಹೇಳಿರಲಿಲ್ಲ ಅಂತ ಮೇಡಂ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮೊದಲು ನನ್ನನ್ನು ಕೇಳಿದರು. "ನೀವು ಯಾಕೆ ಅಪಾಯ ಕಡಿಮೆ ಅಂದಿರಿ?"

ವಾರವಿಡೀ ಉತ್ತರ ಬಾಯಿಪಾಠ ಮಾಡಿದ್ದೆ. ಎಲ್ಲ ಮರೆತುಹೋಯಿತು. "ಮೇಡಂ, ಆ ಮನೆಗೆ ಬಂದವರು ನನ್ನನ್ನ ಕೇಳಿದ್ರೆ ನಾನೂ ಇಲ್ಲ ಅಂತಿದ್ದೆ. ಸುಳ್ಳು ಹೇಳಬೇಕು ಅಂತಲ್ಲ. ನಿಜವಾಗಲೂ ಇಲ್ಲ ಅಂತಾನೇ ಅನ್ಕೊಂಡಿದ್ದೆ" ಅಂದೆ. "ಅದಕ್ಕೇ ಅವರ ಲೆಕ್ಕ ಸರಿ ಅನ್ನಿಸ್ತು. ಈಗ ನೋಡಿದ್ರೆ ಅದಕ್ಕೇ ತಪ್ಪು."

ಮೇಡಂ ಪೆನ್ನು ಕೆಳಗಿಟ್ಟರು. ನಾವು ಅವರ ಲೆಕ್ಕ ತಿದ್ದುವ ಹಾಗಿಲ್ಲವಂತೆ, ಎಷ್ಟು ಜನ ಅಭ್ಯಾಸ ಅಂದರು ಎಂದು ಅವರು ಬಿಡಿಸಿ ಕೊಟ್ಟಿಲ್ಲ. ಆದರೆ ಯಾಕೆ ನಂಬಲಾಗದು ಅಂತ ಬರೆಯಬಹುದು. ಆ ವಾಕ್ಯ ನೀವೇ ಹೇಳಿ ಅಂದರು. ನಾನು ಹೇಳಿದೆ, ಅವರು ಬರೆದುಕೊಂಡರು. "‘ಇಲ್ಲ’ ಅಂದವರ ಸಾಲಿನಲ್ಲಿ ಇದ್ದೂ ಇಲ್ಲ ಅಂದವರು ಕೂತಿದ್ದಾರೆ." ತಿದ್ದಿ ಚೆಂದ ಮಾಡುತ್ತಾರೆ ಅಂದುಕೊಂಡೆ. ಹಾಗೇ ಇಟ್ಟರು.

ನನ್ನ ಗುರುತು ನಾನೇ ಹೊಡೆದುಹಾಕಿ ‘ಹೆಚ್ಚು’ ಮಾಡಿದೆ. ಗೆರೆ ಸೊಟ್ಟಗಾಯಿತು.

ಕೆಳಗಿಳಿಯುವಾಗ ಸಿಸ್ಟರು, "ಈ ‘ಅಭ್ಯಾಸ’ ಅನ್ನೋ ಮಾತನ್ನ ವಾರ್ಡಿನಲ್ಲಿ ನಾವೇ ಹಂಚಿದ್ದು" ಅಂದರು. ಗೇಟಿನ ಹತ್ತಿರ ಬಂದಾಗ, "ಮಂಗಳವಾರ ನನ್ನ ಪರಿಚಯದ ಡಾಕ್ಟರ್ ಹತ್ರ ಹೋಗೋಣ. ಹೆಂಗಸೇ. ನಾನೂ ಬರ್ತೀನಿ. ಬರಲ್ಲ ಅಂದ್ರೆ ಕೂಗ್ತೀನಿ" ಅಂದರು.

ಏಪ್ರಿಲ್ 8, ಮಂಗಳವಾರ

ತೋರಿಸಿದೆ.

ಸತ್ತೇ ಹೋಗುತ್ತೇನೆ ಅಂದುಕೊಂಡಿದ್ದೆ. ಪರದೆ, ಹಾಸಿಗೆ, ಗೋಡೆಯ ಮೇಲೊಂದು ಹೂವಿನ ಚಿತ್ರ. ಆ ಚಿತ್ರದ ಚೌಕಟ್ಟು ಓರೆಯಾಗಿತ್ತು, ಪೂರ್ತಿ ಹೊತ್ತು ಅದನ್ನೇ ನೋಡುತ್ತಿದ್ದೆ. ಡಾಕ್ಟರು ಮಾಡುವ ಒಂದೊಂದನ್ನೂ ಮೊದಲು ಹೇಳಿ, ಕೇಳಿ, ಆಮೇಲೆ ಮಾಡಿದರು.

ಹೆರಿಗೆಯಲ್ಲಿ ಹರಿದದ್ದು ಮೇಲೆ ಕೂಡಿದೆ, ಒಳಗೆ ಸರಿಯಾಗಿ ಕೂಡಿಲ್ಲವಂತೆ. ಮೊದಲು ಒಳಗಿನ ಸ್ನಾಯುಗಳಿಗೆ ವ್ಯಾಯಾಮ, ಬಹಳಷ್ಟು ಅದರಲ್ಲೇ ಹಿಡಿತಕ್ಕೆ ಬರಬಹುದು. ಸಾಲದಿದ್ದರೆ ಮುಂದೆ ಆಪರೇಷನ್ ಮಾಡಿ ಹೊಲಿಯಬಹುದು. ಹಳೇ ಹೊಲಿಗೆ ಬಿಚ್ಚಿ ಹೊಸದು ಹಾಕುವುದು. ಅದು ನನಗೆ ಗೊತ್ತಿರುವ ಕೆಲಸವೇ, ಅರಿವೆ ಮಾತ್ರ ಬೇರೆ.

"ಇಷ್ಟು ತಡವಾಗಿ ಬಂದಿದ್ದಕ್ಕೆ ಬೈಯಲ್ವಾ?" ಅಂತ ಕೇಳಿದೆ.

"ಬಂದವರನ್ನ ಯಾಕೆ ಬೈಯಲಿ?" ಅಂದರು.

ಹೊರಗೆ ಸಿಸ್ಟರು ಕಾಯುವವರಿಗೆಲ್ಲ ತಳ್ಳುವ ಬಾಗಿಲಿನ ಜೋಕು ಹೇಳುತ್ತಿದ್ದರು.

ಏಪ್ರಿಲ್ 13, ಭಾನುವಾರ

ಮಗಳಿಗೆ ಫೋನ್ ಮಾಡಿದೆ. ಮಂಡಿ, ಜ್ವರ, ಸಮವಸ್ತ್ರ ಯಾವುದೂ ಅಲ್ಲ, ಇದು ಅಂದೆ. ಹೇಳಿ ಮುಗಿಸುವಷ್ಟರಲ್ಲಿ ಸೆರಗಿನ ತುದಿ ಸುತ್ತಿ ಸುತ್ತಿ ಹಗ್ಗವಾಗಿತ್ತು.

ಅವಳು ಅತ್ತಳು. "ನಾನು ಹುಟ್ಟಿದ್ದರಿಂದಾನಾ?"

"ನೀನು ಹುಟ್ಟಿದ್ದರಿಂದ ಅಲ್ಲ, ಯಾರೂ ನೋಡದೇ ಇದ್ದದ್ದರಿಂದ" ಅಂದೆ. ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತೋ. ಬಸ್ಸಿನಲ್ಲಿ ಬರ್ತೀನಿ ಅಂದೆ. ಅದೂ ಎಲ್ಲಿಂದ ಬಂತೋ.

ಏಪ್ರಿಲ್ 23, ಬುಧವಾರ

ಬಂದು ತಲುಪಿದೆ. ದಾರಿಯುದ್ದಕ್ಕೂ ಒಂದೇ ಚಿಂತೆ, ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ಆರಿಸಿದೆನೋ ಇಲ್ಲವೋ. ಎರಡು ಸಲ ಡ್ರೈವರಿಗೆ ಹೇಳಿ ಬಸ್ಸು ನಿಲ್ಲಿಸಿಕೊಂಡೆ. ಎರಡನೇ ಸಲ ಅವನು ಗೊಣಗಿದ. "ಹೆರಿಗೆಯಲ್ಲಿ ಪೆಟ್ಟಾಗಿದೆಯಪ್ಪ, ತಡಕೊಳ್ಳೋಕಾಗಲ್ಲ" ಅಂದೆ. ಅವನು ಬಾಯಿ ಮುಚ್ಚಿದ. ನನ್ನ ಹಿಂದೆಯೇ ಇನ್ನೂ ಮೂರು ನಾಲ್ಕು ಹೆಂಗಸರು ಇಳಿದರು, ಎಲ್ಲರೂ ಕಾಯುತ್ತಿದ್ದವರ ಹಾಗೆ.

ಅಕ್ಕನಿಗೆ ಫೋನ್ ಮಾಡಿದೆ. ಇಸ್ತ್ರಿಪೆಟ್ಟಿಗೆ ಆರಿಸಿಯೇ ಇತ್ತಂತೆ.

ಏಪ್ರಿಲ್ 28, ಸೋಮವಾರ

ಹೆಣ್ಣು ಮಗು! ತಲೆ ತುಂಬಾ ಕೂದಲು, ಮುಷ್ಟಿ ಬಿಗಿ, ದೊಡ್ಡ ಸಿಸ್ಟರ್‌ಗೆ ಪೈಪೋಟಿ ಕೊಡುವ ದನಿ.

ಜೊತೆಗೆ ಒಬ್ಬರನ್ನು ಒಳಗೆ ಬಿಡುತ್ತಾರೆ, ನಾನೇ ಇದ್ದೆ. ಮಗು ಬಂತು, ಒರೆಸಿ ಎದೆ ಮೇಲಿಟ್ಟರು, ಎಲ್ಲರೂ ಮಗುವನ್ನೇ ನೋಡುತ್ತಿದ್ದರು. ಹೆರಿಗೆ ಮಾಡಿಸಿದ ನರ್ಸು ಮಗಳನ್ನು ಪರೀಕ್ಷೆ ಮಾಡಿ, "ಸಣ್ಣ ಸೀಳು, ಹೊಲಿಗೆ ಬೀಳುತ್ತೆ" ಅಂದಳು. ಕೇಳಲೋ ಬೇಡವೋ, ಬೇಜಾರು ಮಾಡಿಕೊಂಡರೆ, ಮಗಳ ಮೇಲೆ ಸಿಟ್ಟು ತೀರಿಸಿಕೊಂಡರೆ. ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟೆ. "ಇನ್ನೊಬ್ಬರು ನೋಡಲಿ."

"ನೀವೇನು ಡಾಕ್ಟರಾ?"

"ಅಲ್ಲ, ಟೈಲರ್."

ಅವಳು ನಕ್ಕಳು. "ಗಾಬರಿ ಬೇಡಮ್ಮ. ಎರಡನೆಯವರು ನೋಡದೆ ನಮ್ಮಲ್ಲಿ ಸೂಜಿ ಮುಟ್ಟೋದೇ ಇಲ್ಲ. ಅದೋ, ಕೈ ತೊಳೀತಿದಾರೆ."

ಇಷ್ಟೆಲ್ಲ ಧೈರ್ಯ ಒಟ್ಟುಮಾಡಿದ್ದು ದಂಡ. ಆದರೂ ಅಲ್ಲೇ ಸ್ಟೂಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಎರಡನೆಯವರು ಬಂದರು, ತಾವೇ ಬೇರೆಯಾಗಿ ನೋಡಿದರು. ಸೀಳು ಅಂದುಕೊಂಡದ್ದಕ್ಕಿಂತ ಸ್ವಲ್ಪ ಆಳಕ್ಕೆ ಹೋಗಿತ್ತು. ಇಬ್ಬರೂ ಮಾತಾಡಿಕೊಂಡರು, ಒಳಗಿನದನ್ನು ಒಳಗೆ, ಹೊರಗಿನದನ್ನು ಹೊರಗೆ, ಪದರ ಪದರವಾಗಿ ಹೊಲಿದರು. ಮಗಳು ನನ್ನ ಕೈ ಹಿಡಿದಿದ್ದಳು. ಅವಳ ಉಗುರಿನ ಗುರುತು ಇನ್ನೂ ಇದೆ.

ಮೇ 11, ಭಾನುವಾರ

ಮನೆಯವರು ನಿನ್ನೆ ಬಂದರು. ಇವತ್ತು ಬೆಳಿಗ್ಗೆ ಮೊಮ್ಮಗಳನ್ನು ಎತ್ತಿಕೊಂಡು ಹೊಸ ಅಂಗಿ ತೋರಿಸುತ್ತಿದ್ದರು, ಅವಳು ಅದರ ಮೇಲೆಲ್ಲ ಉಚ್ಚೆ ಸುರಿಸಿಬಿಟ್ಟಳು. ತೊಟ್ಟಿಕ್ಕುವ ಅಂಗಿಯಲ್ಲಿ ಬಾಗಿಲಲ್ಲಿ ನಿಂತು ಗಂಭೀರವಾಗಿ ಹೇಳಿದರು. "ಈ ವಂಶದಲ್ಲಿ ಬೀಗ ಸರಿಯಾಗಿರೋನು ನಾನೊಬ್ಬನೇ ಏನು?"

ನಾನು ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಗಳು ಹೊಲಿಗೆ ಎಳೆಯುತ್ತೆ ಎಂದು ದಿಂಬು ಅಪ್ಪಿಕೊಂಡು ನಕ್ಕಳು. ಆಮೇಲೆ "ತಾಳು, ಬಟ್ಟೆ ಬದಲಾಯಿಸಿ ಬರ್ತೀನಿ" ಅಂತ ಎದ್ದೆ.

ಬರುವಷ್ಟರಲ್ಲಿ ಅವಳ ಮುಖ ಸಪ್ಪಗಾಗಿತ್ತು. "ಅಮ್ಮಾ, ನನಗೂ. ಈಗ ನಕ್ಕಾಗ. ಇದು ಹೀಗೇ ಇರುತ್ತಾ?"

"ಅಭ್ಯಾಸ..." ಅಂತ ನಾಲಿಗೆಯ ತುದಿಗೆ ಬಂದಿತ್ತು, ಅಮ್ಮನ ದನಿಯಲ್ಲೇ. ನುಂಗಿಕೊಂಡೆ. "ಈಗ ಇರುತ್ತೆ, ಹಸಿ ಗಾಯ. ಹೀಗೇ ಉಳೀಬಾರದು. ಉಳಿದ್ರೆ ತೋರಿಸೋಣ. ಸರಿ, ಸರ್ಕೋ" ಅಂದೆ.

ಡಾಕ್ಟರು ಅವಳಿಗೂ ಆ ವ್ಯಾಯಾಮ ಮೆಲ್ಲಗೆ ಶುರು ಮಾಡು ಅಂದಿದ್ದಾರೆ. ಮಂಚದ ಮೇಲೆ ಅವಳ ಪಕ್ಕ ಮಲಗಿದೆ. ಬಿಗಿ ಹಿಡಿ, ಉಸಿರು ಕಟ್ಟಬೇಡ, ಬಿಡು. ಬಿಗಿ ಹಿಡಿ, ಬಿಡು. ನಡುವೆ ಮಗು. ಅಂಗಿ ಬದಲಾಯಿಸಿ ಬಂದ ಮನೆಯವರು ಇಣುಕಿದರು. "ತಾಯಿ ಮಗಳು ಸೂರು ನೋಡ್ಕೊಂಡು ಏನ್ ಮಾಡ್ತಿದೀರಿ?"

"ಬೀಗ ರಿಪೇರಿ ಅಪ್ಪಾ" ಅಂದಳು ಮಗಳು.

ಮತ್ತೆ ನಗು. ಮತ್ತೆ ಬಟ್ಟೆ. ಇವತ್ತು ಒಗೆಯುವುದು ರಾಶಿಯಾಯಿತು, ಮಗುವಿನದು, ಅವಳದು, ನನ್ನದು. ಅಂಗಳದ ಹಗ್ಗಕ್ಕೆ ಎಲ್ಲವನ್ನೂ ಸಾಲಾಗಿ ಹಾಕಿದ್ದೇನೆ. ಮೋಡ ಕಟ್ಟುತ್ತಿದೆ. ಹನಿ ಬಿದ್ದರೆ ಓಡಿಹೋಗಿ ತೆಗೆಯಬೇಕು, ಅದೇ ಚಿಂತೆ.